ನಿವೃತ್ತಿಯ ಹಣ: ಯಾವುದನ್ನು ಯಾವ ವರ್ಷ ತೆಗೆದೆ

2024ರಲ್ಲಿ 60 ತುಂಬಿ ಪೀಣ್ಯದ ಕಾರ್ಖಾನೆಯೊಂದರಿಂದ ನಿವೃತ್ತನಾದೆ. ಆಗ ನನ್ನ ಉಳಿತಾಯ ಪಿಎಫ್ (ನೌಕರರ ಭವಿಷ್ಯ ನಿಧಿ), ಪಿಪಿಎಫ್ (ಸಾರ್ವಜನಿಕ ಭವಿಷ್ಯ ನಿಧಿ), ಎನ್‌ಪಿಎಸ್ (ರಾಷ್ಟ್ರೀಯ ಪಿಂಚಣಿ ಯೋಜನೆ), ಡೆಟ್ ಫಂಡ್ (ಸಾಲಪತ್ರಗಳಲ್ಲಿ ಹೂಡುವ ಮ್ಯೂಚುವಲ್ ಫಂಡ್), ಈಕ್ವಿಟಿ ಫಂಡ್ (ಷೇರುಗಳಲ್ಲಿ ಹೂಡುವಂಥದ್ದು) ಅಂತ ಹರಡಿಕೊಂಡಿತ್ತು. ಸಾಮಾನ್ಯವಾಗಿ ಎಲ್ಲರೂ ಬಡ್ಡಿ ಎಲ್ಲಿ ಕಡಿಮೆಯೋ ಅಲ್ಲಿಂದ ಮೊದಲು ತೆಗೆಯುತ್ತಾರೆ. ನಾನು ನೋಡಿದ್ದು ಬೇರೆ ಲೆಕ್ಕ. ಈ ವರ್ಷ ತೆರಿಗೆ ಬೀಳದಂತೆ ಎಷ್ಟು ಆದಾಯ ತೋರಿಸಬಹುದು? ಅಷ್ಟನ್ನೂ ತೆರಿಗೆ ಬೀಳುವ ಕಡೆಯಿಂದಲೇ ತೆಗೆದುಕೊಳ್ಳುವುದು. ಸಾಲದಿದ್ದರೆ ಮಾತ್ರ ತೆರಿಗೆ ಇಲ್ಲದ ಹಣಕ್ಕೆ ಕೈ ಹಾಕುವುದು.

ಪಿಎಫ್‌ನಿಂದ ಶುರು ಮಾಡಿದೆ. ಐದು ವರ್ಷಕ್ಕಿಂತ ಜಾಸ್ತಿ ಸೇವೆ ಇದ್ದವರಿಗೆ ಅದರ ಮೊತ್ತಕ್ಕೆ ತೆರಿಗೆ ಇಲ್ಲ. ಅಲ್ಲೇ ಬಿಟ್ಟರೆ ಮೂರು ವರ್ಷ ಬಡ್ಡಿಯೂ ಬರುತ್ತದೆ. ಆದರೆ ನಿವೃತ್ತಿಯ ನಂತರ ಬರುವ ಆ ಬಡ್ಡಿಗೆ ತೆರಿಗೆ ಉಂಟು. ಬೆಂಗಳೂರಿನ ತೆರಿಗೆ ಮೇಲ್ಮನವಿ ನ್ಯಾಯಮಂಡಳಿಯೇ 2017ರಲ್ಲಿ ಇದನ್ನು ಹೇಳಿದೆ. ನನ್ನ ಜೊತೆ ಕೆಲಸ ಮಾಡಿದ ಎಷ್ಟೋ ಜನ ಈಗಲೂ ಇದನ್ನು ನಂಬುವುದಿಲ್ಲ! ನಾನು ಪಿಎಫ್ ತೆಗೆದು 30 ಲಕ್ಷವನ್ನು ಅಂಚೆ ಕಚೇರಿಯ ಹಿರಿಯ ನಾಗರಿಕರ ಯೋಜನೆಗೆ ಹಾಕಿದೆ. 8.2% ಬಡ್ಡಿ, ಮೂರು ತಿಂಗಳಿಗೊಮ್ಮೆ 61,500 ರೂಪಾಯಿ. ಇದು ತೆರಿಗೆಗೆ ಒಳಪಡುವ ಆದಾಯವೇ, ಆದರೆ ತೆರಿಗೆ ಬೀಳದ ಮಿತಿಯೊಳಗೆ ಆರಾಮಾಗಿ ಕೂರುತ್ತದೆ.

ಆ ಮಿತಿ ನಾನಿರುವ ಹೊಸ ತೆರಿಗೆ ಪದ್ಧತಿಯಲ್ಲಿ ಮೊದಲ ವರ್ಷ 7 ಲಕ್ಷ ಇತ್ತು. 2025ರ ಫೆಬ್ರವರಿ 1ರ ಬಜೆಟ್‌ನಲ್ಲಿ ಅದು 12 ಲಕ್ಷ ಆಯಿತು, ಅದೂ ಏಪ್ರಿಲ್‌ನಿಂದ. ಡೆಟ್ ಫಂಡ್ ಮಾರಬೇಕು ಅಂತಿದ್ದವನು ಸುಮ್ನೆ ಏಪ್ರಿಲ್‌ವರೆಗೆ ಕಾದೆ. 2023ರ ಏಪ್ರಿಲ್ ನಂತರ ಕೊಂಡ ಡೆಟ್ ಫಂಡ್‌ನ ಲಾಭ ಮಾಮೂಲಿ ಆದಾಯಕ್ಕೇ ಸೇರುತ್ತದೆ. ಹಾಗಾಗಿ ಅದಕ್ಕೂ ಈ 12 ಲಕ್ಷದ ರಿಯಾಯಿತಿ ಸಿಗುತ್ತದೆ. ತೆಗೆದ ಪೂರ್ತಿ ಹಣಕ್ಕಲ್ಲ, ಅದರಲ್ಲಿರುವ ಲಾಭಕ್ಕಷ್ಟೇ ಲೆಕ್ಕ. ಅದೇ ತಿಂಗಳು ಬ್ಯಾಂಕಿಗೆ 15ಎಚ್ (ನನಗೆ ತೆರಿಗೆ ಬೀಳುವುದಿಲ್ಲ ಅಂತ ಹಿರಿಯ ನಾಗರಿಕರು ಬರೆದುಕೊಡುವ ಫಾರ್ಮ್) ಕೊಟ್ಟೆ. ಇಲ್ಲದಿದ್ದರೆ ಬ್ಯಾಂಕಿನವರು ಬಡ್ಡಿಯಿಂದಲೇ ತೆರಿಗೆ (ಟಿಡಿಎಸ್) ಕತ್ತರಿಸಿ, ರೀಫಂಡಿಗೆ ಕಾಯಬೇಕಾಗುತ್ತದೆ.

ಈಕ್ವಿಟಿ ಫಂಡ್ ಮಾತ್ರ ಬೇರೆ ಜಾತಿ. ‘12 ಲಕ್ಷದವರೆಗೆ ತೆರಿಗೆ ಇಲ್ಲ’ ಅನ್ನುವ ಮಾತು ಅದರ ದೀರ್ಘಾವಧಿ ಲಾಭಕ್ಕೆ (ವರ್ಷಕ್ಕಿಂತ ಜಾಸ್ತಿ ಇಟ್ಟುಕೊಂಡು ಮಾರಿದಾಗ ಬರುವ ಲಾಭ) ನಡೆಯುವುದಿಲ್ಲ. ಬೇರೆ ಆದಾಯ 8 ಲಕ್ಷ, ಈಕ್ವಿಟಿ ಲಾಭ 3 ಲಕ್ಷ ಅಂದುಕೊಳ್ಳಿ. ಒಟ್ಟು 11 ಲಕ್ಷವೇ ಆದರೂ, ಲಾಭದಲ್ಲಿ 1.25 ಲಕ್ಷ ಬಿಟ್ಟು ಉಳಿದ 1.75 ಲಕ್ಷಕ್ಕೆ 12.5% ಕಟ್ಟಲೇಬೇಕು. ಸೆಸ್ ಸೇರಿ 22,750 ರೂಪಾಯಿ. ಆದ್ದರಿಂದ ನಾನು ಮಾರ್ಚ್ ಕೊನೆಯಲ್ಲಿ ಸ್ವಲ್ಪ, ಏಪ್ರಿಲ್ ಮೊದಲ ವಾರ ಸ್ವಲ್ಪ ಮಾರುತ್ತೇನೆ. ಎರಡು ಹಣಕಾಸು ವರ್ಷಗಳ ವಿನಾಯಿತಿ ಸೇರಿ 2.5 ಲಕ್ಷದ ಲಾಭಕ್ಕೆ ಏನೂ ಬೀಳುವುದಿಲ್ಲ. ಆಮೇಲೆ ಮುಂದಿನ ಹಣಕಾಸು ವರ್ಷ ಶುರುವಾಗುವವರೆಗೆ ಅದನ್ನು ಮುಟ್ಟುವುದಿಲ್ಲ.

ಎನ್‌ಪಿಎಸ್‌ನಲ್ಲಿ ಆಗಿನ ನಿಯಮದಂತೆ 40%ಕ್ಕೆ ಪಿಂಚಣಿ ಯೋಜನೆ ಕೊಂಡೆ. ಆ ಪಿಂಚಣಿಗೆ ತೆರಿಗೆ ಇದೆ. ಉಳಿದ 60%ಕ್ಕೆ ಇಲ್ಲ. ಹೇಗೂ ತೆರಿಗೆ ಇಲ್ಲ ಅಂದ ಮೇಲೆ ಒಂದೇ ಸಲ ತೆಗೆದು ಎಫ್‌ಡಿಗೆ ಹಾಕಿ, ಬಡ್ಡಿಯನ್ನು ತೆರಿಗೆಯ ಲೆಕ್ಕಕ್ಕೆ ಯಾಕೆ ತರಬೇಕು, ಅಲ್ವಾ? ಕಂತಿನಲ್ಲಿ ತೆಗೆಯುವ ಸೌಲಭ್ಯ 2023ರಲ್ಲೇ ಬಂದಿದೆ, ಆಗಿನ ನಿಯಮದಂತೆ 75 ವಯಸ್ಸಿನವರೆಗೂ ಎಳೆಯಬಹುದಿತ್ತು. ವರ್ಷಕ್ಕೊಂದು ಕಂತು ಬರುವ ಹಾಗೆ ಮಾಡಿಕೊಂಡಿದ್ದೇನೆ.

ಪಿಪಿಎಫ್‌ಗೆ ಕೊನೆಯ ಸರದಿ. ಅದರ ಬಡ್ಡಿಗೂ ತೆರಿಗೆ ಇಲ್ಲವಲ್ಲ, ಹಾಗಾಗಿ ಎಷ್ಟು ದಿನ ಬೆಳೆದರೂ ನನಗೆ ಲಾಭವೇ. 15 ವರ್ಷ ಮುಗಿದ ಮೇಲೆ ಹೊಸದಾಗಿ ಕಟ್ಟದೆ ಮುಂದುವರಿಸಿದ್ದೇನೆ. ವರ್ಷಕ್ಕೆ ಒಂದು ಸಲ ಎಷ್ಟು ಬೇಕಾದರೂ ತೆಗೆಯಬಹುದು. ಆಸ್ಪತ್ರೆ ಖರ್ಚು ಬಂದರೆ ಅಂತ ಇಟ್ಟಿದ್ದೇನೆ.

ಹೆಂಡತಿಯ ಹೆಸರಿಗೆ ಎಫ್‌ಡಿ ಮಾಡಿ ಅಂತ ತುಂಬಾ ಜನ ಹೇಳಿದರು. ನನ್ನ ಹಣ ಅವಳಿಗೆ ಕೊಟ್ಟು ಎಫ್‌ಡಿ ಮಾಡಿದರೆ ಬಡ್ಡಿ ಮತ್ತೆ ನನ್ನ ಆದಾಯಕ್ಕೇ ಸೇರುತ್ತದೆ. ಅದರ ಬದಲು ಅವಳ ಪಿಪಿಎಫ್‌ಗೆ ವರ್ಷಕ್ಕೆ 1.5 ಲಕ್ಷ ಕಟ್ಟುತ್ತಿದ್ದೇನೆ. ಅಲ್ಲಿಯ ಬಡ್ಡಿಗೆ ತೆರಿಗೆಯೇ ಇಲ್ಲದಿರುವಾಗ ಯಾರ ಲೆಕ್ಕಕ್ಕೆ ಸೇರಿದರೇನು.