ಒಡವೆ ಮಾಡುವ ಕೋಣೆಯನ್ನು ಹೊಸ ಮನೆಗೆ ಸಾಗಿಸುವ ಕ್ರಮ

ಮನೆಯ ಒಂದು ಕೋಣೆಯಲ್ಲೇ ಬೆಳ್ಳಿ, ಚಿನ್ನದ ಒಡವೆ ಮಾಡುವವರು ಮನೆ ಬದಲಿಸುವಾಗ ಸಾಮಾನು ಕಟ್ಟುವ ಮೊದಲು ಲೋಹದ ಲೆಕ್ಕ ಮುಗಿಸಬೇಕು. ಕುಕ್ಕರ್ ಮುಚ್ಚಳ ಕಾಣದಿದ್ದರೆ ಮಾರನೇ ದಿನವೇ ಗೊತ್ತಾಗುತ್ತದೆ. ಮೇಜಿನ ಸಂದಿಯಲ್ಲಿ ಉಳಿದ ಅರದ ಪುಡಿ, ಕಾಗದದಲ್ಲಿ ಮಡಚಿಟ್ಟ ಎರಡು ಕೆಂಪುಕಲ್ಲು ಹೋದದ್ದು ಗೊತ್ತೇ ಆಗುವುದಿಲ್ಲ. ಇಲ್ಲಿ ಹೇಳಿರುವುದು ಬೆಂಗಳೂರಿನಂಥ ಊರಿನಲ್ಲಿ ಬಾಡಿಗೆ ಮನೆಯಲ್ಲಿದ್ದು, ಒಬ್ಬರೇ ಅಥವಾ ಒಬ್ಬ ಸಹಾಯಕರ ಜೊತೆ ಕೆಲಸ ಮಾಡುವವರಿಗೆ ಹೊಂದುವ ಕ್ರಮ. ಕನಿಷ್ಠ ಒಂದು ತಿಂಗಳು ಮುಂಚೆ ಶುರುಮಾಡಿ.

ಗಿರಾಕಿಗಳ ಚಿನ್ನ

ಹಳೆಯ ಬಳೆ ಕರಗಿಸಿ ಹೊಸದು ಮಾಡಿಕೊಡಿ ಎಂದು ಕೊಟ್ಟದ್ದು, ರಿಪೇರಿಗೆ ಬಂದ ಸರ, ಕಲ್ಲು ಕೂರಿಸಲು ಬಿಟ್ಟ ಉಂಗುರ, ಇವೆಲ್ಲ ನಿಮ್ಮ ಸ್ವತ್ತಲ್ಲ. ಇಂಥವನ್ನು ಹೊಸ ಮನೆಗೆ ಒಯ್ಯಲೇಬಾರದು ಎಂಬುದು ನಮ್ಮ ಖಚಿತ ಅಭಿಪ್ರಾಯ. ಮುಗಿಸಿ ಕೊಡಿ, ಇಲ್ಲವೇ ಹಾಗೇ ವಾಪಸ್ ಕೊಟ್ಟು, ನೆಲೆಯಾದ ಮೇಲೆ ಮತ್ತೆ ತೆಗೆದುಕೊಳ್ಳಿ. ಅರ್ಧ ಕೆಲಸವಾಗಿ ವಾಪಸ್ ಕೊಡಲು ಆಗದ್ದೊಂದು ಉಳಿದೇಬಿಟ್ಟರೆ, ಗಿರಾಕಿಯ ಎದುರಿಗೇ ತೂಗಿ, ತಕ್ಕಡಿಯ ಅಂಕಿ ಕಾಣುವಂತೆ ಫೋಟೋ ತೆಗೆದು, ತೂಕ, ಕ್ಯಾರೆಟ್, ಕಲ್ಲಿನ ಎಣಿಕೆ ಬರೆದು ಇಬ್ಬರೂ ಸಹಿ ಹಾಕಿ. ಸಾಗಿಸುವ ದಿನಕ್ಕೆ ಮೂರು ವಾರ ಇರುವಾಗಲೇ ಹೊಸ ಆರ್ಡರ್ ನಿಲ್ಲಿಸಿ. ಆಮೇಲೆ ಎರಡು ವಾರ ಕೆಲಸ ನಡೆಯುವುದಿಲ್ಲ ಎಂದು ಗಿರಾಕಿಗಳಿಗೆ ತಿಳಿಸಿ. ಆದರೆ ಯಾವ ದಿನ, ಯಾವ ಬಡಾವಣೆಗೆ ಹೋಗುತ್ತೀರಿ ಎಂಬುದನ್ನು ಇನ್‌ಸ್ಟಾಗ್ರಾಂನಲ್ಲಿ ಹಾಕಬೇಡಿ.

ನಿಮ್ಮದೇ ಲೋಹಕ್ಕೆ ಒಂದು ನೋಟ್‌ಬುಕ್ ಇಡಿ. ತಗಡು, ತಂತಿ, ಬೆಸುಗೆ, ತುಂಡು, ಮುಗಿದ ಒಡವೆ, ಪುಡಿ ಎಂದು ಆರು ಸಾಲು. ಪ್ರತಿ ಡಬ್ಬಿಗೂ ಒಂದು ಸಂಖ್ಯೆ. ಡಬ್ಬಿಯ ಮೇಲೆ ಸಂಖ್ಯೆ ಮಾತ್ರ ಇರಲಿ, ‘ಬೆಳ್ಳಿ’ ಎಂದು ಬರೆಯಬೇಡಿ. ಸಂಖ್ಯೆಗೆ ಏನು ಅರ್ಥ ಎಂಬುದು ನೋಟ್‌ಬುಕ್‌ನಲ್ಲಿ, ನೋಟ್‌ಬುಕ್ ನಿಮ್ಮ ಕೈಚೀಲದಲ್ಲಿ.

ಪುಡಿ ಮತ್ತು ಕಸ

ಕೆಲಸ ಮಾಡಿದ ಜಾಗದ ಕಸವೂ ದುಡ್ಡೇ. ಬೆಂಗಳೂರಿನ ಅಕ್ಕಸಾಲಿಗರ ಬೀದಿ ನಗರ್ತಪೇಟೆಯ ಕೆಲಸಗಾರರು ನೆಲ ಗುಡಿಸಿದ ಧೂಳನ್ನೂ ಎತ್ತಿಡುವುದು ಇದಕ್ಕೇ. ಮೇಜಿನ ಕೆಳಗಿನ ತಟ್ಟೆಯನ್ನು ಬ್ರಷ್‌ನಿಂದ ಗುಡಿಸಿ, ಡ್ರಾಯರ್ ಪೂರ್ತಿ ಎಳೆದು ಹೊರತೆಗೆದು ಅದರ ಹಿಂದಿನ ಸಂದಿಯನ್ನೂ ನೋಡಿ. ಮೇಜಿನ ಬಿರುಕುಗಳಿಗೆ ತೆಳ್ಳಗಿನ ಸೂಜಿ ಹಾಕಿ ಕೆದಕಿ. ಏಪ್ರನ್, ಕಾಲೊರಸು, ಬಳಸಿದ ಉಪ್ಪುಕಾಗದ, ಪಾಲಿಶ್ ಹಾಕುವ ಸವೆದ ಬಟ್ಟೆಯ ಬಫ್ ಚಕ್ರ, ಪಾಲಿಶ್ ಮೋಟರಿನ ಧೂಳಿನ ಚೀಲ, ಇವು ಯಾವುದನ್ನೂ ಕಸದ ಗಾಡಿಗೆ ಹಾಕಬೇಡಿ. ಕೈತೊಳೆಯುವ ಸಿಂಕಿನ ಕೆಳಗೆ ಬಾಟಲಿಯಂತೆ ತಿರುಗಿಸಿ ಬಿಚ್ಚುವ ಭಾಗವಿರುತ್ತದೆ. ಅದರ ಕೆಳಗೆ ಬಕೆಟ್ ಇಟ್ಟು ಬಿಚ್ಚಿ. ಅದರ ತಳದ ಕೆಸರಿನಲ್ಲಿ ಪಾಲಿಶ್ ತೊಳೆದ ಲೋಹ ಕೂತಿರುತ್ತದೆ.

ಚಿನ್ನದ ಪುಡಿ, ಬೆಳ್ಳಿ ಪುಡಿ, ಎರಡೂ ಬೆರೆತದ್ದು ಎಂದು ಮೂರು ಡಬ್ಬಿ ಮಾಡಿ. ಅನುಮಾನವಿದ್ದರೆ ಬೆರೆತದ್ದಕ್ಕೇ ಹಾಕಿ. ಮೊದಲೆರಡರೊಳಗೆ ಅಯಸ್ಕಾಂತ ಆಡಿಸಿ ಗರಗಸದ ಬ್ಲೇಡ್ ಚೂರು, ಅರದ ಕಬ್ಬಿಣ ತೆಗೆಯಿರಿ. ಅಯಸ್ಕಾಂತವನ್ನು ಪ್ಲಾಸ್ಟಿಕ್ ಕವರಿನೊಳಗೆ ಹಾಕಿ ಆಡಿಸಿದರೆ, ಆಮೇಲೆ ಕವರ್ ಬಿಡಿಸಿದೊಡನೆ ಕಬ್ಬಿಣದ ಪುಡಿ ತಾನೇ ಉದುರುತ್ತದೆ.

ಈ ಪುಡಿಯನ್ನು ನೀವೇ ಕರಗಿಸಿ ತಗಡು ಮಾಡಲು ಹೋಗಬೇಡಿ. ಅದರಲ್ಲಿ ಬೆಸುಗೆ ಬೆರೆತಿರುತ್ತದೆ, ಬೆಸುಗೆಯಲ್ಲಿ ಸತು ಇರುತ್ತದೆ, ಹಳೆಯ ಬೆಸುಗೆಯಾದರೆ ಕ್ಯಾಡ್ಮಿಯಂ ಕೂಡ. ಕ್ಯಾಡ್ಮಿಯಂ ಹೊಗೆ ಶ್ವಾಸಕೋಶಕ್ಕೆ ವಿಷ. ಅಂಥ ತಗಡು ಬಡಿಯುವಾಗ ಸೀಳುತ್ತದೆ ಕೂಡ. ಅವೆನ್ಯೂ ರಸ್ತೆ, ನಗರ್ತಪೇಟೆ ಸುತ್ತಿನಲ್ಲಿ ಪುಡಿ ಕರಗಿಸಿ ಶುದ್ಧ ಮಾಡುವ ಅಂಗಡಿಗಳಿವೆ. ಹೋಗುವ ಮೊದಲು ಮನೆಯಲ್ಲಿ ತೂಗಿ. ಅಲ್ಲಿ ನಿಮ್ಮೆದುರೇ ಕರಗಿಸಲು ಹೇಳಿ, ಕರಗಿದ ಗಟ್ಟಿಯ ತೂಕ ಮತ್ತು ಶುದ್ಧತೆಯ ಚೀಟಿ ಎರಡನ್ನೂ ಕೇಳಿ. ಪುಡಿಯ ತೂಕಕ್ಕೂ ಗಟ್ಟಿಯ ತೂಕಕ್ಕೂ ವ್ಯತ್ಯಾಸ ಬರುವುದು ಸಹಜ. ಉಪ್ಪುಕಾಗದದ ಮರಳು, ಮೇಣ, ಎಣ್ಣೆ ಎಲ್ಲ ಹೋಗಿರುತ್ತದೆ.

ಆಸಿಡ್, ಗಂಧಕ, ಗ್ಯಾಸ್

ಬೆಸುಗೆಯಾದ ಮೇಲೆ ಒಡವೆ ಅದ್ದುವ ಆಸಿಡ್ ನೀರನ್ನು ಸಾಗಿಸುವುದೇ ಬೇಡ, ಹೊಸ ಮನೆಯಲ್ಲಿ ಹೊಸದಾಗಿ ಮಾಡಿಕೊಳ್ಳಿ. ಹಳೆಯದನ್ನು ಇಲ್ಲೇ ಮುಗಿಸುವ ಬಗೆ ಹೀಗೆ: ದ್ರಾವಣಕ್ಕಿಂತ ಮೂರು ಪಟ್ಟು ದೊಡ್ಡ ಪ್ಲಾಸ್ಟಿಕ್ ಬಕೆಟ್‌ಗೆ ಸುರಿದು, ಬಾಲ್ಕನಿಯಲ್ಲಿಟ್ಟು, ಕನ್ನಡಕ ಮತ್ತು ಗ್ಲೌಸ್ ಹಾಕಿಕೊಂಡು, ಅಡುಗೆ ಸೋಡಾವನ್ನು ಒಂದೊಂದೇ ಚಮಚ ಹಾಕಿ. ಪ್ರತಿ ಸಲವೂ ನೊರೆ ಇಳಿಯುವವರೆಗೆ ಕಾಯಿರಿ. ಒಟ್ಟಿಗೆ ಸುರಿದರೆ ನೊರೆ ಉಕ್ಕಿ ಆಸಿಡ್ ನೆಲಕ್ಕೆ ಬರುತ್ತದೆ. 100 ಗ್ರಾಂ ಸಲ್ಫ್ಯೂರಿಕ್ ಆಸಿಡ್ ಇರುವ ದ್ರಾವಣಕ್ಕೆ ಲೆಕ್ಕದಲ್ಲಿ 170 ಗ್ರಾಂ ಸೋಡಾ ಬೇಕು. ಪಿಎಚ್ ಕಾಗದ 7 ತೋರಿಸಿದರೆ ಆಸಿಡ್ ಸತ್ತಂತೆ. ಆದರೂ ಚರಂಡಿಗೆ ಸುರಿಯಬಾರದು. ಆ ನೀರಿನ ನೀಲಿ ಬಣ್ಣ ಕರಗಿದ ತಾಮ್ರದ್ದು, ಅದು ಕೆರೆಯ ಮೀನಿಗೆ ಮಾರಕ. ಒಂದು ರಾತ್ರಿ ಬಿಟ್ಟರೆ ನೀಲಿ-ಹಸಿರು ಗಸಿ ತಳಕ್ಕೆ ಇಳಿಯುತ್ತದೆ. ತಿಳಿಯನ್ನೂ ಗಸಿಯನ್ನೂ ಬೇರೆ ಬೇರೆ ಕ್ಯಾನಿಗೆ ತುಂಬಿ, ಮಾಲಿನ್ಯ ನಿಯಂತ್ರಣ ಮಂಡಳಿಯ ಅನುಮತಿ ಇರುವ ಅಪಾಯಕಾರಿ ತ್ಯಾಜ್ಯ ಸಂಗ್ರಹಕಾರರಿಗೆ ಕೊಡಿ.

ಕೆಲವನ್ನು ಒಂದೇ ಪೆಟ್ಟಿಗೆಯಲ್ಲಿ ಇಡಲೇಬಾರದು. ಬೆಳ್ಳಿ ಕಪ್ಪು ಮಾಡುವ ಗಂಧಕದ ಉಂಡೆ, ಲಿವರ್ ಆಫ್ ಸಲ್ಫರ್, ಆಸಿಡ್ ತಾಗಿದರೆ ಹೈಡ್ರೋಜನ್ ಸಲ್ಫೈಡ್ ಅನಿಲ ಬಿಡುತ್ತದೆ. ಅದು ಕೊಳೆತ ಮೊಟ್ಟೆಯಂತೆ ನಾರುತ್ತದೆ, ಹೆಚ್ಚಾದರೆ ಮೂಗಿಗೆ ವಾಸನೆಯೇ ಗೊತ್ತಾಗುವುದಿಲ್ಲ, ಅದೇ ಅದರ ಅಪಾಯ. ಮುಲಾಮು, ಅಂದರೆ ಚಿನ್ನ, ಬೆಳ್ಳಿಯ ತೆಳು ಲೇಪ, ಹಾಕುವ ಸಯನೈಡ್ ದ್ರಾವಣಕ್ಕೆ ಆಸಿಡ್ ತಾಗಿದರೆ ಜೀವವೇ ಹೋಗುತ್ತದೆ. ಅದನ್ನು ಮನೆಯಲ್ಲಿ ಇಟ್ಟಿದ್ದರೆ ಸಾಗಣೆಯ ಯೋಚನೆ ಬಿಟ್ಟು, ಮುಲಾಮಿನ ಅಂಗಡಿಗೇ ಒಪ್ಪಿಸಿ. ನೈಟ್ರಿಕ್ ಆಸಿಡ್ ಬಾಟಲಿಯ ಸುತ್ತ ಮರದ ಪುಡಿ, ಹುಲ್ಲು, ಬಟ್ಟೆ ತುಂಬಬೇಡಿ. ಸೋರಿದರೆ ಅವಕ್ಕೆ ಬೆಂಕಿ ಹತ್ತಬಹುದು.

ತುಂಬಿದ ಸಿಲಿಂಡರನ್ನು ಪ್ಯಾಕರ್ಸ್‌ನವರು ಒಯ್ಯುವುದಿಲ್ಲ, ಒಯ್ಯಲು ಒಪ್ಪಿದರೂ ಕೊಡಬೇಡಿ. ಆಮ್ಲಜನಕದ ಸಿಲಿಂಡರ್ ಬಾಡಿಗೆಯದಾದರೆ ಅಂಗಡಿಗೆ ವಾಪಸ್ ಮಾಡಿ ಠೇವಣಿ ಪಡೆಯಿರಿ. ಅದರ ರೆಗ್ಯುಲೇಟರನ್ನು ಎಣ್ಣೆ ಸವರಿದ ಹತ್ಯಾರಗಳ ಪೆಟ್ಟಿಗೆಯಲ್ಲಿ ಹಾಕಬೇಡಿ. ಒತ್ತಡದ ಆಮ್ಲಜನಕಕ್ಕೆ ಎಣ್ಣೆಯ ಜಿಡ್ಡು ಸಿಕ್ಕರೆ ಕಿಡಿಯಿಲ್ಲದೆಯೂ ಹೊತ್ತಿಕೊಳ್ಳುತ್ತದೆ. ರೆಗ್ಯುಲೇಟರ್ ಒಂದೇ, ಶುಚಿಯಾದ ಪ್ಲಾಸ್ಟಿಕ್ ಕವರಿನಲ್ಲಿ, ಬೇರೆಯಾಗಿ.

ಹತ್ಯಾರ ಕಟ್ಟುವುದು

ತಗಡು ಒತ್ತಿ ತೆಳುವಾಗಿಸುವ ರೋಲಿಂಗ್ ಮಿಷನ್ನಿನ ಹಿಡಿ ಬಿಚ್ಚಿ. ಹಿಡಿ ಅಥವಾ ಗೇರ್ ಹಿಡಿದು ಎತ್ತಿದರೆ ಗೇರಿನ ಹಲ್ಲು ಮುರಿಯುತ್ತದೆ. ಎರಡು ರೋಲರ್ ಒಂದಕ್ಕೊಂದು ತಾಗದಂತೆ ಸಡಿಲಿಸಿ, ಹೊಲಿಗೆ ಯಂತ್ರದ ಎಣ್ಣೆ ತೆಳುವಾಗಿ ಸವರಿ, ನಡುವೆ ಬಟರ್ ಪೇಪರ್ ಹಾಕಿ ಮೇಲಿನಿಂದ ಪ್ಲಾಸ್ಟಿಕ್ ಸುತ್ತಿ. ರೋಲರ್ ಮೇಲೆ ತುಕ್ಕಿನ ಒಂದು ಚುಕ್ಕೆ ಕೂತರೂ ಮುಂದೆ ಎಳೆಯುವ ಪ್ರತಿ ತಗಡಿನಲ್ಲೂ ಅದೇ ಚುಕ್ಕೆ ಅಚ್ಚಾಗುತ್ತದೆ. ಕಂಬಿ ಎಳೆಯುವ ಅಚ್ಚು, ಲೋಹ ಬಡಿಯಲು ಕೆಳಗಿಡುವ ಅಡಿಗಲ್ಲು, ನುಣುಪು ಮುಖದ ಸುತ್ತಿಗೆಗಳಿಗೂ ಇದೇ ಉಪಚಾರ. ಅರಗಳನ್ನು ಮಾತ್ರ ಒಂದರ ಮೇಲೊಂದು ಹಾಕದೆ, ಬಟ್ಟೆಯ ಪಟ್ಟಿಗೆ ಜೇಬು ಹೊಲಿದು ಸುರುಳಿ ಸುತ್ತಿ. ಅರಕ್ಕೆ ಅರ ಉಜ್ಜಿದರೆ ಎರಡೂ ಮೊಂಡಾಗುತ್ತವೆ.

ಕೈಯಲ್ಲಿ ಹಿಡಿವ ಡ್ರಿಲ್ಲನ್ನು ಮೋಟರಿಗೆ ಜೋಡಿಸುವ ಬಾಗುವ ದಂಡ, ಫ್ಲೆಕ್ಸ್ ಶಾಫ್ಟನ್ನು ಬಿಗಿಯಾಗಿ ಸುತ್ತಬೇಡಿ, ದೊಡ್ಡ ಸುತ್ತಾಗಿ ಬಿಡಿ. ಒಡವೆ ತೊಳೆಯುವ ಅಲ್ಟ್ರಾಸಾನಿಕ್ ತೊಟ್ಟಿಯನ್ನು ಬರಿದು ಮಾಡಿ ಒರೆಸಿ. ಕುಲುಮೆಯ ತಾಪಮಾಪಕದ ಕಡ್ಡಿ ಬಿಚ್ಚಿ ಬೇರೆ ಸುತ್ತಿ, ಒಳಗೆ ಏನೂ ತುಂಬದೆ ನೆಟ್ಟಗೆ ನಿಲ್ಲಿಸಿಯೇ ಒಯ್ಯಿರಿ. ಅದರ ಇಟ್ಟಿಗೆ ಮೆತ್ತಗಿರುತ್ತದೆ. ಅರಗಿನ ಬಟ್ಟಲು, ಮೇಣದ ಮಾದರಿಗಳು ಬಿಸಿಲಿನ ಲಾರಿಯಲ್ಲಿ ಕರಗಿ ಆಕಾರ ಕೆಡುತ್ತವೆ, ಇವು ನಿಮ್ಮ ಜೊತೆ ಬರಲಿ.

ಕಲ್ಲು, ಮುತ್ತು, ಬೆಳ್ಳಿ

ವಜ್ರವನ್ನು ಬೇರೆ ಕಲ್ಲುಗಳ ಜೊತೆ ಒಂದೇ ಪೊಟ್ಟಣದಲ್ಲಿ ಹಾಕಿದರೆ ಉಳಿದೆಲ್ಲವನ್ನೂ ಗೀರುತ್ತದೆ. ಮುತ್ತು, ಹವಳ ತೀರಾ ಮೃದು, ಇವನ್ನು ಹತ್ತಿ ಬಟ್ಟೆಯಲ್ಲಿ ಸುತ್ತಿ, ಗಾಳಿಯಾಡದ ಪ್ಲಾಸ್ಟಿಕ್‌ನಲ್ಲಿ ದಿನಗಟ್ಟಲೆ ಬಿಡಬೇಡಿ. ಪೋಣಿಸಿದ ಸರಗಳನ್ನು ತೂಗುಹಾಕದೆ ಮಲಗಿಸಿಡಿ. ಪಚ್ಚೆಯ ಬಿರುಕುಗಳಿಗೆ ಸಾಮಾನ್ಯವಾಗಿ ಎಣ್ಣೆ ತುಂಬಿರುತ್ತಾರೆ, ಕಾರಿನ ಡಿಕ್ಕಿಯ ಕಾವಿಗೆ ಆ ಎಣ್ಣೆ ಒಸರಿ ಬಿರುಕು ಎದ್ದು ಕಾಣುತ್ತದೆ. ಅರಗು ತುಂಬಿ ಕಲ್ಲು ಕೂರಿಸಿದ ಒಡವೆಗೂ ಕಾವು ಆಗದು.

ಬೆಳ್ಳಿಯನ್ನು ನ್ಯೂಸ್‌ಪೇಪರ್‌ನಲ್ಲಿ ಸುತ್ತಿ ರಬ್ಬರ್ ಬ್ಯಾಂಡ್ ಹಾಕುವುದು ಎಲ್ಲರ ರೂಢಿ. ರಬ್ಬರಿನಲ್ಲಿ ಗಂಧಕ ಇರುತ್ತದೆ. ವಾರ ಕಳೆದು ಬಿಚ್ಚಿದರೆ ಬ್ಯಾಂಡ್ ಕೂತಿದ್ದ ಕಡೆ ಕಪ್ಪು ಗೆರೆ ಎದ್ದಿರುತ್ತದೆ. ಬಟರ್ ಪೇಪರ್ ಸುತ್ತಿ ಜಿಪ್ ಕವರಿಗೆ ಹಾಕಿ, ಗಾಳಿ ಒತ್ತಿ ತೆಗೆದು, ಒಂದು ಸಿಲಿಕಾ ಜೆಲ್ ಪೊಟ್ಟಣ ಇಡಿ. ಎರಕದ ರಬ್ಬರ್ ಅಚ್ಚುಗಳೂ ಬೆಳ್ಳಿಯ ಪೆಟ್ಟಿಗೆಯಿಂದ ದೂರವಿರಲಿ.

ಸಾಗಿಸುವ ದಿನ

ಪ್ಯಾಕರ್ಸ್‌ನವರು ಸಾಮಾನು ನೋಡಿ ದರ ಹೇಳಲು ಬರುವ ಮೊದಲೇ ಚಿನ್ನ, ಬೆಳ್ಳಿ, ಕಲ್ಲು ಬ್ಯಾಂಕ್ ಲಾಕರ್ ಸೇರಿರಬೇಕು. ಅವರ ಒಪ್ಪಂದದಲ್ಲಿ ಆಭರಣ, ನಗದಿಗೆ ಸಾಮಾನ್ಯವಾಗಿ ಹೊಣೆ ಇರುವುದಿಲ್ಲ. ಮನೆಯ ವಿಮೆಯೂ ವ್ಯಾಪಾರದ ಸರಕಿಗೆ ಸಾಮಾನ್ಯವಾಗಿ ಅನ್ವಯವಾಗದು. ಒಡವೆ ವ್ಯಾಪಾರಿಗಳಿಗೆಂದೇ ಇರುವ ವಿಮೆ, ಜ್ಯುವೆಲರ್ಸ್ ಬ್ಲಾಕ್ ಪಾಲಿಸಿ ಇದ್ದರೆ ವಿಳಾಸ ಬದಲಾವಣೆ ಮತ್ತು ಸಾಗಣೆಯ ದಿನವನ್ನು ಮುಂಚಿತವಾಗಿ ಬರೆದು ತಿಳಿಸಿ. ಲಾರಿ ಹೋದ ದಿನವೇ ಲೋಹ ಒಯ್ಯಬೇಡಿ. ಹೊಸ ಮನೆಯಲ್ಲಿ ತಿಜೋರಿಯನ್ನು ಗೋಡೆಗೆ ಬೋಲ್ಟ್ ಹಾಕಿ ಕೂರಿಸಿದ ಮೇಲೆ, ಬೇರೆ ದಿನ, ಇಬ್ಬರು ಹೋಗಿ, ದಾರಿಯಲ್ಲಿ ಎಲ್ಲೂ ನಿಲ್ಲಿಸದೆ ತನ್ನಿ. ಜಿಎಸ್‌ಟಿ ನೋಂದಣಿ ಇದ್ದರೆ ಮಾರಾಟವಲ್ಲದ ಸಾಗಣೆಗೆ ಡೆಲಿವರಿ ಚಲನ್ ಬರೆದು ಜೊತೆಗಿಡಿ. ಚುನಾವಣಾ ನೀತಿ ಸಂಹಿತೆ ಜಾರಿಯಲ್ಲಿರುವಾಗ ಊರಿಂದೂರಿಗೆ ಹೋಗುತ್ತಿದ್ದರೆ ಖರೀದಿ ಬಿಲ್ಲುಗಳ ಪ್ರತಿಯೂ ಕೈಯಲ್ಲಿರಲಿ, ಚೆಕ್‌ಪೋಸ್ಟಿನಲ್ಲಿ ಕಾಗದವಿಲ್ಲದ ಒಡವೆಯನ್ನು ತಡೆಹಿಡಿಯುತ್ತಾರೆ.

ಹೊಸ ಕೋಣೆ

ಮೊದಲು ಬೆಸುಗೆಯ ಮೂಲೆ ಗೊತ್ತುಮಾಡಿ, ಉಳಿದದ್ದು ಅದರ ಸುತ್ತ. ಚೆನ್ನಾಗಿ ಬೆಳಕು ಬರುವ ಕಿಟಕಿಯೆದುರು ಬೆಸುಗೆಯ ಜಾಗ ಮಾಡುವುದು ಸಾಮಾನ್ಯ ತಪ್ಪು. 92.5 ಬೆಳ್ಳಿ (ನೂರಕ್ಕೆ 92.5 ಪಾಲು ಶುದ್ಧ ಬೆಳ್ಳಿ ಇರುವುದು) ಹದವಾಗಿ ಮೆತ್ತಗಾಗುವುದು ಸುಮಾರು 650 ಡಿಗ್ರಿ ಸೆಲ್ಸಿಯಸ್‌ನಲ್ಲಿ, ಆಗ ಮಂಕು ಕೆಂಪು ಬರುತ್ತದೆ. ಗಟ್ಟಿ ಬೆಸುಗೆ ಹರಿಯುವುದು 750ರ ಆಸುಪಾಸು. 800 ದಾಟಿದರೆ ಬೆಳ್ಳಿಯೇ ಕರಗಲು ಶುರು. ನಡುವೆ ಇರುವುದು 50 ಡಿಗ್ರಿ, ಅದನ್ನು ಕಾಯುವುದು ಕಣ್ಣು. ಬಿಸಿಲಿನಲ್ಲಿ ಆ ಮಂಕು ಕೆಂಪು ಕಾಣುವುದೇ ಇಲ್ಲ. ಇನ್ನೂ ಕಾಯಲಿಲ್ಲ ಎಂದು ಜ್ವಾಲೆ ಹಿಡಿದೇ ಇದ್ದರೆ ಸಣ್ಣ ಕೊಂಡಿಗಳು ಮುದ್ದೆಯಾಗುತ್ತವೆ. ಆದ್ದರಿಂದ ಬೆಸುಗೆ ನೆರಳಿನ ಮೂಲೆಯಲ್ಲಿ, ಅರ ಹಾಕುವುದು ಮತ್ತು ಕಲ್ಲು ಕೂರಿಸುವುದು ಕಿಟಕಿಯ ಬಳಿ, ಸಾಧ್ಯವಾದರೆ ಉತ್ತರದ ಕಿಟಕಿ.

ಎಕ್ಸಾಸ್ಟ್ ಫ್ಯಾನ್ ನಿಮ್ಮ ತಲೆಯ ಹಿಂದೆ ಇದ್ದರೆ ಹೊಗೆ ಮೂಗಿನ ಮುಂದೆ ಹಾದು ಹೋಗುತ್ತದೆ. ಒಡವೆಯ ಆಚೆ ಬದಿಗಿರಲಿ. ಎಲ್‌ಪಿಜಿ ಗಾಳಿಗಿಂತ ಭಾರ, ಸೋರಿದರೆ ನೆಲದ ಮಟ್ಟದಲ್ಲಿ ನಿಲ್ಲುತ್ತದೆ. ಹಾಗಾಗಿ ನೆಲದ ಬಳಿ ಗಾಳಿಯ ದಾರಿ ಬೇಕು, ನೆಲಮಾಳಿಗೆಯ ಕೋಣೆ ಬೇಡವೇ ಬೇಡ. ಪೈಪು ಜೋಡಿಸಿದ ಮೇಲೆ ಸೋಪಿನ ನೊರೆ ಹಚ್ಚಿ ಗುಳ್ಳೆ ಬರುತ್ತದೆಯೇ ನೋಡಿ.

3 ಕಿಲೋವ್ಯಾಟ್ ಕುಲುಮೆ ಸುಮಾರು 13 ಆಂಪಿಯರ್ ಎಳೆಯುತ್ತದೆ. ಇದಕ್ಕೆ ಬೇರೆ ಎಂಸಿಬಿಯಿಂದ ಬಂದ 16 ಆಂಪಿಯರ್ ಸಾಕೆಟ್ ಮತ್ತು ಸರಿಯಾದ ಅರ್ಥಿಂಗ್ ಬೇಕು, ಎಕ್ಸ್‌ಟೆನ್ಷನ್ ಬೋರ್ಡ್ ಸುಟ್ಟುಹೋಗುತ್ತದೆ. ಮುಂಗಡ ಕೊಡುವ ಮೊದಲೇ ಕರೆಂಟ್ ಬಿಲ್ಲಿನಲ್ಲಿ ಮಂಜೂರಾದ ಲೋಡ್ ಎಷ್ಟಿದೆ ನೋಡಿ. ಇಲ್ಲೇನು ಕೆಲಸ ಮಾಡುತ್ತೀರಿ ಎಂಬುದನ್ನು ಮನೆ ಮಾಲೀಕರಿಗೆ ತಿಳಿಸಿ ಕರಾರಿನಲ್ಲಿ ಬರೆಸಿ. ಸುತ್ತಿಗೆ ಸದ್ದಿಗೆ ಕೆಳಮನೆಯವರ ತಕರಾರು ಬರದಂತೆ ಅಡಿಗಲ್ಲಿನ ದಿಮ್ಮಿಯ ಕೆಳಗೆ ದಪ್ಪ ರಬ್ಬರ್ ಹಾಸಿ. ನೆಲದ ಟೈಲ್ಸ್ ಸಂದಿಗಳ ಮೇಲೆ ಜೋಡಣೆಯಿಲ್ಲದ ಒಂದೇ ವಿನೈಲ್ ಹಾಳೆ ಹಾಸಿದರೆ ಬಿದ್ದ ಕಲ್ಲು ಸಿಗುತ್ತದೆ.

ಕುಲುಮೆಯನ್ನು ನೇರ ಕಾಯಿಸಬೇಡಿ. ಇಟ್ಟಿಗೆ ದಾರಿಯಲ್ಲಿ ತೇವ ಹೀರಿರುತ್ತದೆ. ಮೊದಲ ಸಲ 120 ಡಿಗ್ರಿಯಲ್ಲಿ ಎರಡು ಗಂಟೆ ಇಟ್ಟು ಆಮೇಲೆ ಏರಿಸಿ. ಲೋಹ ಕರಗಿಸುವ ಬಟ್ಟಲು, ಮೂಸೆಗಳಿಗೂ ಹೀಗೇ, ತೇವದ ಮೂಸೆಗೆ ಕರಗಿದ ಲೋಹ ಬಿದ್ದರೆ ಸಿಡಿಯುತ್ತದೆ.

ಎಲೆಕ್ಟ್ರಾನಿಕ್ ತಕ್ಕಡಿಯನ್ನು ಅದರ ಮಟ್ಟಸೂಚಕದ ಗುಳ್ಳೆ ನಡುವೆ ಬರುವಂತೆ ಮಟ್ಟ ಮಾಡಿ, ಅರ್ಧ ಗಂಟೆ ಚಾಲೂ ಇಟ್ಟು, ಪ್ರಮಾಣಿತ ಬಟ್ಟಿನಿಂದ ಸರಿಹೊಂದಿಸದೆ ಬಳಸಬೇಡಿ. ಒಂದೇ ಊರಿನೊಳಗೆ ಹೋದರೆ ವ್ಯತ್ಯಾಸ ನಗಣ್ಯ. ಬೆಂಗಳೂರಿನಿಂದ ಮಂಗಳೂರಿಗೆ ಇಳಿದರೆ ಸುಮಾರು 900 ಮೀಟರ್ ಎತ್ತರದ ವ್ಯತ್ಯಾಸಕ್ಕೆ ಗುರುತ್ವ ಹೆಚ್ಚಿ, ಅದೇ 100 ಗ್ರಾಂ ಗಟ್ಟಿ 20ರಿಂದ 30 ಮಿಲಿಗ್ರಾಂ ಹೆಚ್ಚು ತೋರಿಸುತ್ತದೆ. ತಕ್ಕಡಿ ಸರಿಯಾದ ಮೇಲೆಯೇ ಡಬ್ಬಿಗಳನ್ನು ನೋಟ್‌ಬುಕ್ ಹಿಡಿದು ತೂಗಿ. ಕರಾವಳಿಯ ಮಳೆಗಾಲಕ್ಕೆ ಹತ್ಯಾರದ ಪೆಟ್ಟಿಗೆಗೆ ಸಿಲಿಕಾ ಜೆಲ್ ಜಾಸ್ತಿ ಹಾಕಿ, ಹತ್ಯಾರಗಳನ್ನು ವಾರಕ್ಕೊಮ್ಮೆ ಎಣ್ಣೆ ಬಟ್ಟೆಯಿಂದ ಒರೆಸಿ.

ಬೆಸುಗೆಯ ಮೊದಲ ಪ್ರಯೋಗ ತಾಮ್ರದ ತುಂಡಿನ ಮೇಲೆ, ಆಮೇಲೆ ಬೆಳ್ಳಿಯ ಚೂರಿನ ಮೇಲೆ ಇರಲಿ. ಹೊಸ ಜಾಗದ ಬೆಳಕು, ಗಾಳಿ ಎರಡೂ ಬೇರೆ, ಜ್ವಾಲೆ ಬೇರೆ ಥರ ಬಾಗುತ್ತದೆ. ಎರಡು ಮೂರು ದಿನ ಇದರಲ್ಲೇ ಕೈ ಕೂರಿಸಿ, ಆಮೇಲೆ ಆರ್ಡರ್ ಹಿಡಿಯಿರಿ.

ಕಾಗದಪತ್ರದಲ್ಲಿ ಮರೆಯಬಾರದ್ದು ಎರಡು. ಜಿಎಸ್‌ಟಿಯಲ್ಲಿ ವ್ಯವಹಾರದ ಮುಖ್ಯ ಸ್ಥಳ ಬದಲಾದ 15 ದಿನದೊಳಗೆ ಆರ್‌ಇಜಿ-14 ಅರ್ಜಿ ಹಾಕಬೇಕು. ಚಿನ್ನಕ್ಕೆ ಹಾಲ್‌ಮಾರ್ಕ್ (ಶುದ್ಧತೆಯ ಮುದ್ರೆ) ಹಾಕಿಸುವ ಬಿಐಎಸ್, ಅಂದರೆ ಭಾರತೀಯ ಮಾನಕ ಬ್ಯೂರೋದ ನೋಂದಣಿ ಇದ್ದರೆ ಅದೂ ವಿಳಾಸಕ್ಕೆ ಕಟ್ಟಿಕೊಂಡದ್ದು, ಪೋರ್ಟಲ್‌ನಲ್ಲಿ ಬದಲಾಯಿಸುವವರೆಗೆ ಹೊಸ ಮನೆಯಿಂದ ಹಾಲ್‌ಮಾರ್ಕಿಗೆ ಕಳಿಸಬೇಡಿ.