ಏರ್ ಫ್ರೈಯರ್‌ನಲ್ಲಿ ಫ್ರೆಂಚ್ ಟೋಸ್ಟ್: ನಡುವಿನ ತುಂಡು ಗಿಣ್ಣಿನ ಹಾಗೆ ಬರುವವರೆಗೆ

ನಮ್ಮ ಮನೆಯವರು ತುಮಕೂರಿನಿಂದ ಬೆಂಗಳೂರಿಗೆ ದಿನಾ ರೈಲಿನಲ್ಲಿ ಹೋಗಿ ಬರುತ್ತಾರೆ. ಸುಮಾರು 70 ಕಿಲೋಮೀಟರ್ ದಾರಿ. ಬೆಳಿಗ್ಗೆ ಆರೂಮುಕ್ಕಾಲಿಗೆ ಅವರು ಗೇಟು ದಾಟಬೇಕು. ಅಷ್ಟರಲ್ಲಿ ತಿಂಡಿ ಆಗಬೇಕು, ಮಧ್ಯಾಹ್ನದ ಡಬ್ಬಿ ಆಗಬೇಕು, ಮಗನನ್ನು ಎಬ್ಬಿಸಿ ಸ್ನಾನಕ್ಕೆ ಕಳಿಸಬೇಕು. ದೋಸೆ ಮಾಡುವ ದಿನ ನಾನು ಒಲೆ ಬಿಟ್ಟು ಅಲ್ಲಾಡುವ ಹಾಗಿಲ್ಲ. ರಾತ್ರಿಯೇ ಸಿದ್ಧ ಮಾಡಿಟ್ಟು, ಬೆಳಿಗ್ಗೆ ಒಳಗಿಟ್ಟು ಸ್ವಿಚ್ ಹಾಕಿದರೆ ತಾನಾಗಿ ಬೇಯುವಂಥ ತಿಂಡಿ ವಾರಕ್ಕೆ ಒಂದು ದಿನವಾದರೂ ಬೇಕು ಅನ್ನಿಸಿತ್ತು.

ಫ್ರೆಂಚ್ ಟೋಸ್ಟ್, ಅಂದರೆ ನಮ್ಮ ಬಾಂಬೆ ಟೋಸ್ಟ್, ಮನೆಗೆ ಹೊಸದಲ್ಲ. ಮೊಟ್ಟೆ, ಹಾಲು, ಸಕ್ಕರೆ ಕಲಸಿ ಬ್ರೆಡ್ ಅದ್ದಿ ಕಾವಲಿ ಮೇಲೆ ಸುಡುವುದು. ಆದರೆ ಒಂದು ಸಲಕ್ಕೆ ಎರಡೇ ಸ್ಲೈಸು. ಬೇಕ್ ಮಾಡುವ ಬಗೆ ಬೇರೆ. ಬ್ರೆಡ್ಡನ್ನು ತುಂಡು ಮಾಡಿ ಟಿನ್ನಿಗೆ ತುಂಬಿ, ಮೇಲೆ ಹಾಲು-ಮೊಟ್ಟೆ ಸುರಿದು, ರಾತ್ರಿಯೆಲ್ಲ ನೆನೆಯಲು ಬಿಟ್ಟು, ಬೆಳಿಗ್ಗೆ ಒಟ್ಟಿಗೇ ಬೇಯಿಸುವುದು. ಸರಿಯಾಗಿ ಬಂದರೆ ಮೇಲೆ ಗರಿಗರಿ, ಒಳಗೆ ಗಿಣ್ಣು ಹೆಪ್ಪುಗಟ್ಟಿದ ಹಾಗೆ. ಮುಟ್ಟಿದರೆ ನಡುಗಬೇಕು, ಕತ್ತರಿಸಿದರೆ ಹರಿಯಬಾರದು. ಆ ನಡುವಿನ ತುಂಡು ಗಿಣ್ಣಿನ ಹಾಗೆ ಬರಲು ನನಗೆ ಐದು ಸಲ ಬೇಕಾಯಿತು.

ಮೊದಲ ಸಲ ಏರ್ ಫ್ರೈಯರ್‌ಗೂ ಓವನ್ನಿನ ಲೆಕ್ಕವನ್ನೇ ಹಿಡಿದೆ. 180 ಡಿಗ್ರಿ, 25 ನಿಮಿಷ. ಎಂಟನೇ ನಿಮಿಷಕ್ಕೇ ವಾಸನೆ ಬಂತು. ತೆಗೆದು ನೋಡಿದರೆ ಮೇಲ್ಭಾಗ ಕಂದು ದಾಟಿ ಕಪ್ಪಾಗುತ್ತಿತ್ತು. ಚಾಕು ಇಳಿಸಿದರೆ ಒಳಗಿನಿಂದ ಹಸಿ ಹಾಲು ಬಂತು. ಮುಂದಿನ ಸಲ ಸಮಯ ಕಡಿಮೆ ಮಾಡಿದೆ. ಮೇಲೆ ಸರಿ ಬಂತು, ಒಳಗೆ ಇನ್ನೂ ಹಸಿ.

ಆಮೇಲೆ ಏರ್ ಫ್ರೈಯರನ್ನೇ ಖಾಲಿ ಮಾಡಿ ತಿರುಗಿಸಿ ನೋಡಿದೆ. ನಮ್ಮದರಲ್ಲಿ ಕಾಯಿಲ್ ಇರುವುದು ಮೇಲೆ ಮಾತ್ರ. ಅದರ ಮೇಲೊಂದು ಫ್ಯಾನ್. ಅದು ಬಿಸಿ ಗಾಳಿಯನ್ನು ಕೆಳಕ್ಕೆ ತಳ್ಳುತ್ತದೆ, ಗಾಳಿ ಬುಟ್ಟಿಯ ಸುತ್ತ ಇಳಿದು ಮತ್ತೆ ಮೇಲೇರುತ್ತದೆ. ಆಲೂಗಡ್ಡೆ ತುಂಡು ಹಾಕಿದರೆ ಗಾಳಿ ಎಲ್ಲ ಕಡೆಯಿಂದ ತಾಗುತ್ತದೆ. ಟಿನ್ ಇಟ್ಟರೆ ಗಾಳಿಗೆ ಅದೇ ಗೋಡೆ. ಮೇಲ್ಭಾಗ ಮಾತ್ರ ಕಾಯಿಲ್‌ಗೆ ಎರಡು ಮೂರು ಅಂಗುಲ ದೂರದಲ್ಲಿ ನೇರವಾಗಿ ಸುಡುತ್ತದೆ, ನಡುಭಾಗಕ್ಕೆ ಬಿಸಿ ಟಿನ್ನಿನ ಮೂಲಕ ನಿಧಾನವಾಗಿ ಹೋಗಬೇಕು. ಇಷ್ಟು ಗೊತ್ತಾದ ಮೇಲೆ ದಾರಿ ಕಂಡಿತು. ಬಿಸಿ ಕಡಿಮೆ ಮಾಡಬೇಕು, ಮೇಲೆ ಮುಚ್ಚಬೇಕು, ಟಿನ್ನಿನ ಸುತ್ತ ಗಾಳಿಗೆ ಜಾಗ ಬಿಡಬೇಕು.

ಟಿನ್ ಬಗ್ಗೆ ಒಂದು ಮಾತು. ಮೊದಲು ಸ್ಟೀಲ್ ಡಬ್ಬಿಯಲ್ಲಿ ಮಾಡಿದ್ದೆ. ಆಮೇಲೆ 7 ಅಂಗುಲದ ಅಲ್ಯೂಮಿನಿಯಂ ಕೇಕ್ ಟಿನ್ ತಂದೆ. ವ್ಯತ್ಯಾಸ ಚೆನ್ನಾಗಿಯೇ ಗೊತ್ತಾಯಿತು. ಅಲ್ಯೂಮಿನಿಯಂ ಬೇಗ ಕಾಯುತ್ತದೆ, ಬಿಸಿಯನ್ನು ಒಳಕ್ಕೆ ಬೇಗ ಕೊಡುತ್ತದೆ. ಗಾಜಿನ ಬಟ್ಟಲು ಇನ್ನೂ ನಿಧಾನ. ಟಿನ್ನಿಗೂ ಬುಟ್ಟಿಗೂ ನಡುವೆ ಸುತ್ತಲೂ ಬೆರಳು ತೂರುವಷ್ಟು ಜಾಗ ಇರಲೇಬೇಕು.

ಮುಚ್ಚುವುದಕ್ಕೆ ಫಾಯಿಲ್. ಇಲ್ಲಿ ದಯವಿಟ್ಟು ಹುಷಾರಾಗಿರಿ. ಒಂದು ಸಲ ನಾನು ಸುಮ್ನೆ ಮೇಲೆ ಹೊದಿಸಿ ಒಳಗಿಟ್ಟೆ. ಫ್ಯಾನಿನ ಗಾಳಿಗೆ ಅಂಚು ಮೇಲೆದ್ದು ಫಾಯಿಲ್ ಹಾರಿ ಕಾಯಿಲ್‌ಗೆ ಅಂಟಿತು. ಟಪಟಪ ಸದ್ದು ಬಂದ ಕೂಡಲೇ ಸ್ವಿಚ್ ಆರಿಸಿದೆ. ಆಗಿನಿಂದ ಫಾಯಿಲನ್ನು ಟಿನ್ನಿನ ಅಂಚಿನ ಕೆಳಗೆ ಸುತ್ತಲೂ ಮಡಚಿ ಬಿಗಿಯುತ್ತೇನೆ. ಬೇಕಿಂಗ್ ಪೇಪರ್ ಹಾಕುವುದಾದರೂ ಅಷ್ಟೇ, ಮೇಲೆ ಭಾರ ಇಲ್ಲದೆ ಇಡಬಾರದು. ಖಾಲಿ ಬುಟ್ಟಿ ಕಾಯಿಸುವಾಗಂತೂ ಎರಡೂ ಒಳಗಿರಕೂಡದು.

ಇಷ್ಟೆಲ್ಲ ಆದಮೇಲೂ ಮೂರನೇ ಸಲ ನಡುಭಾಗ ಮುದ್ದೆಯಾಯಿತು. ಬೆಂದಿತ್ತು, ಆದರೆ ಬ್ರೆಡ್ ಎಲ್ಲ ಕರಗಿ ಒಂದಾಗಿತ್ತು. ಈ ಸಲ ತಪ್ಪು ಬ್ರೆಡ್ಡಿನದು.

ನಮ್ಮ ಬೀದಿ ಕೊನೆಯ ಅಯ್ಯಂಗಾರ್ ಬೇಕರಿಯ ಬ್ರೆಡ್ ನನಗೆ ತುಂಬ ಇಷ್ಟ. ಮೆತ್ತಗೆ, ಸ್ವಲ್ಪ ಸಿಹಿ. ಆ ಮೆತ್ತಗಿರುವುದೇ ಇಲ್ಲಿ ತೊಂದರೆ. ತಾಜಾ ಬ್ರೆಡ್ಡಿನಲ್ಲಿ ಆಗಲೇ ನೀರಿನಂಶ ಇರುತ್ತದೆ. ಹಾಲು ಹೀರಿದ ಕೂಡಲೇ ಕುಸಿಯುತ್ತದೆ. ಫ್ರಾನ್ಸಿನಲ್ಲಿ ಈ ತಿಂಡಿಗೆ 'ಪ್ಯಾಂ ಪೆರ್ದ್ಯು' ಅಂತಾರೆ. 'ಕಳೆದುಹೋದ ಬ್ರೆಡ್' ಎಂದು ಅರ್ಥ. ತಿನ್ನಲಾಗದಷ್ಟು ಒಣಗಿದ ಬ್ರೆಡ್ಡನ್ನು ಉಳಿಸಿಕೊಳ್ಳುವ ಅಡುಗೆ ಇದು. ನಮ್ಮಲ್ಲಿ ರಾತ್ರಿ ಉಳಿದ ಅನ್ನ ಬೆಳಿಗ್ಗೆ ಚಿತ್ರಾನ್ನ ಆಗುತ್ತದಲ್ವಾ, ಅದೇ ಬುದ್ಧಿ. ಬಿಸಿ ಅನ್ನದಲ್ಲಿ ಚಿತ್ರಾನ್ನ ಉದುರುದುರಾಗಿ ಬರುವುದಿಲ್ಲ, ತಾಜಾ ಬ್ರೆಡ್ಡಿನಲ್ಲಿ ಇದು ಬರುವುದಿಲ್ಲ.

ಬೇಕರಿಗೆ ಹೋಗಿ ಕೇಳಿದೆ. "ಅಣ್ಣಾ, ನಿನ್ನೆ ಬ್ರೆಡ್ ಇದ್ರೆ ಕೊಡಿ. ಕಟ್ ಮಾಡ್ಬೇಡಿ, ಹಾಗೇ ಕೊಡಿ."

"ಯಾಕಕ್ಕಾ, ಇವತ್ತಿಂದೇ ಇದೆ ನೋಡಿ, ಈಗ ತಾನೇ ಬಂತು."

"ಬೇಡ ಅಣ್ಣಾ, ನನಗೆ ಒಣಗಿರೋದೇ ಬೇಕು."

ಅವರು ಒಳಗೆ ಹೋಗಿ ಹುಡುಕಿ ತಂದುಕೊಟ್ಟರು. ಈಗ ನನ್ನನ್ನು ಕಂಡ ಕೂಡಲೇ "ನಿನ್ನೇದು ಎತ್ತಿಟ್ಟಿದ್ದೀನಿ ಅಕ್ಕಾ" ಅಂತಾರೆ.

ಇಡೀ ಬ್ರೆಡ್ಡನ್ನು ಒಂದು ಅಂಗುಲದ ಚೌಕಗಳಾಗಿ ಕತ್ತರಿಸುತ್ತೇನೆ. ಮೊರದಲ್ಲಿ ಹರವಿ ತೆಳು ಬಟ್ಟೆ ಮುಚ್ಚಿ ಮಧ್ಯಾಹ್ನದಿಂದ ಸಂಜೆವರೆಗೆ ಬಿಡುತ್ತೇನೆ. ಬೇಸಿಗೆಯಲ್ಲಿ ನಮ್ಮೂರಿನ ಒಣ ಗಾಳಿಗೆ ಅಷ್ಟು ಸಾಕು. ಮಳೆಗಾಲದಲ್ಲಿ ಏರ್ ಫ್ರೈಯರ್‌ನಲ್ಲೇ 120 ಡಿಗ್ರಿಗೆ 6 ನಿಮಿಷ. ತುಂಡುಗಳು ಹಗುರ, ಗಾಳಿಗೆ ಎಗರುತ್ತವೆ, ಅದಕ್ಕೆ ಮೇಲೊಂದು ಸ್ಟೀಲ್ ಜಾಲರಿ ಇಡುತ್ತೇನೆ. ಬಣ್ಣ ಬರಬಾರದು. ಹೊರಗೆ ಒರಟಾಗಿ, ಒತ್ತಿದರೆ ಒಳಗೆ ಇನ್ನೂ ಸ್ವಲ್ಪ ಬಗ್ಗಬೇಕು. ರಸ್ಕ್ ಆಗಿಬಿಟ್ಟರೆ ಹಾಲು ಎಷ್ಟು ಹಾಕಿದರೂ ಸಾಲದು.

ನನ್ನ ಅಳತೆ ಈಗ ಹೀಗಿದೆ. ಬ್ರೆಡ್ 200 ಗ್ರಾಂ, ಮೊಟ್ಟೆ 3, ಹಾಲು 250 ಮಿಲಿಲೀಟರ್, ಸಕ್ಕರೆ 3 ದೊಡ್ಡ ಚಮಚ, ಚಿಟಿಕೆ ಉಪ್ಪು, ಎರಡು ಏಲಕ್ಕಿಯ ಪುಡಿ, ಕಾಲು ಚಮಚ ಚಕ್ಕೆ ಪುಡಿ. ಹಾಲು ನೀಲಿ ಪ್ಯಾಕೆಟ್ಟಿನ ನಂದಿನಿ. ಕಾಯಿಸಿ ಪೂರ್ತಿ ಆರಿದ ಮೇಲೆ ಕೆನೆ ಸಮೇತ ಹಾಕುತ್ತೇನೆ. ಬಿಸಿ ಹಾಲಿಗೆ ಮೊಟ್ಟೆ ಒಡೆದರೆ ಅಲ್ಲೇ ಬೆಂದು ಎಳೆಎಳೆಯಾಗುತ್ತದೆ. ಮೊಟ್ಟೆ ಕಲಸಿದ ಮೇಲೆ ಒಂದು ಸಲ ಸೋಸಿ. ಬಿಳಿ ಗಂಟು ಉಳಿಯುವುದಿಲ್ಲ, ಮೊಟ್ಟೆ ವಾಸನೆಯೂ ಕಡಿಮೆ ಅನ್ನಿಸುತ್ತದೆ.

ಸಕ್ಕರೆ ಬದಲು ಬೆಲ್ಲ ಹಾಕಲು ಹೋಗಿ ಒಮ್ಮೆ ಹಾಲು ಕೆಟ್ಟಿತು. ಕಾದ ಹಾಲಿಗೆ ಬೆಲ್ಲ ಹಾಕಿದರೆ ಒಡೆಯುತ್ತದೆ ಎಂದು ಪಾಯಸ ಮಾಡುವಾಗ ಗೊತ್ತಿರುವ ಮಾತೇ. ಅವಸರದಲ್ಲಿ ಮರೆತಿದ್ದೆ. ಈಗ ಹಾಲಿಗೆ ಸಕ್ಕರೆ, ಬೆಲ್ಲ ಮೇಲಿನ ಪುಡಿಗೆ ಮಾತ್ರ.

ಆ ಮೇಲಿನ ಪುಡಿಯೇ ನನ್ನ ಪ್ರಕಾರ ಈ ತಿಂಡಿಯನ್ನು ನಮ್ಮದು ಮಾಡುವುದು. ತಿಪಟೂರು ನಮ್ಮ ಜಿಲ್ಲೆಯದ್ದೇ. ಅಲ್ಲಿನ ಕೊಬ್ಬರಿ ಮನೆಯಲ್ಲಿ ಇದ್ದೇ ಇರುತ್ತದೆ. ಎರಡು ಚಮಚ ಕೊಬ್ಬರಿ ತುರಿ, ಎರಡು ಚಮಚ ಬೆಲ್ಲದ ಪುಡಿ, ಒಂದು ಚಮಚ ತುಪ್ಪ, ಕೈಯಲ್ಲಿ ಹಿಸುಕಿದ ಒಂದು ರಸ್ಕ್. ಎಲ್ಲ ಬೆರೆಸಿ ಉದುರುದುರಾಗಿ ಇಟ್ಟುಕೊಳ್ಳಿ. ಮೊದಲೇ ಹಾಕಬೇಡಿ. ಕೊಬ್ಬರಿ ಬೇಗ ಸೀಯುತ್ತದೆ. ಕೊನೆಯ ಐದು ನಿಮಿಷ ಇದ್ದಾಗ ಉದುರಿಸಿ, ಬೆರಳಲ್ಲಿ ಮೆಲ್ಲಗೆ ಒತ್ತಿ. ಒತ್ತದಿದ್ದರೆ ಗಾಳಿಗೆ ಹಾರಿ ಬುಟ್ಟಿ ತುಂಬ ಚೆಲ್ಲುತ್ತದೆ.

ರಾತ್ರಿ ಟಿನ್ನಿಗೆ ತುಪ್ಪ ಸವರಿ, ತುಂಡು ತುಂಬಿ, ಹಾಲು-ಮೊಟ್ಟೆ ಸುರಿದು, ಚಮಚದ ಬೆನ್ನಿನಿಂದ ಒತ್ತಿ, ಮುಚ್ಚಿ ಫ್ರಿಜ್ಜಿನಲ್ಲಿ ಇಡುತ್ತೇನೆ. ಮೊಟ್ಟೆ ಇರುವುದರಿಂದ ಹೊರಗೆ ಇಡಲೇಬಾರದು. ಬೆಳಿಗ್ಗೆ ಎದ್ದ ತಕ್ಷಣ ಹೊರಗೆ ತೆಗೆದು, ಮುಖ ತೊಳೆದು ಕಾಫಿಗೆ ನೀರಿಡುವಷ್ಟರಲ್ಲಿ ಅದರ ತಣ್ಣಗಿರುವುದು ಸ್ವಲ್ಪ ಇಳಿಯುತ್ತದೆ. ಏರ್ ಫ್ರೈಯರ್ 3 ನಿಮಿಷ ಕಾಯಿಸಿ, ಫಾಯಿಲ್ ಬಿಗಿದ ಟಿನ್ ಒಳಗಿಟ್ಟು 150 ಡಿಗ್ರಿಗೆ 22 ನಿಮಿಷ. ಈ 22 ನಿಮಿಷದಲ್ಲಿ ಪಲ್ಯಕ್ಕೆ ಒಗ್ಗರಣೆ ಆಗುತ್ತದೆ, ಮಗ ಎದ್ದಿರುತ್ತಾನೆ. ಆಮೇಲೆ ಫಾಯಿಲ್ ತೆಗೆದು 160 ಡಿಗ್ರಿಗೆ 2 ನಿಮಿಷ, ಪುಡಿ ಉದುರಿಸಿ ಮತ್ತೆ 5 ನಿಮಿಷ. ಇಕ್ಕಳದಲ್ಲಿ ಹಿಡಿದು ಹೊರಗೆ ತೆಗೆಯಿರಿ. ಬುಟ್ಟಿ ಇಕ್ಕಟ್ಟು, ಬಟ್ಟೆ ಹಿಡಿದು ಕೈ ಹಾಕಿದರೆ ಗೆಣ್ಣು ಸುಡುತ್ತದೆ.

ಬೆಂದಿದೆಯೋ ಇಲ್ಲವೋ ನೋಡಲು ಮೊದಲು ಚಾಕು ಚುಚ್ಚುತ್ತಿದ್ದೆ. ಈಗ ಅಡುಗೆಯ ಥರ್ಮಾಮೀಟರ್ ಇದೆ. ಮೊಟ್ಟೆ ಸೇರಿದ ಅಡುಗೆಯ ನಡುಭಾಗ ಕಡೇಪಕ್ಷ 71 ಡಿಗ್ರಿ ಸೆಲ್ಸಿಯಸ್ ಮುಟ್ಟಬೇಕು. ನಾನು 78, 80 ಬರುವವರೆಗೆ ಬಿಡುತ್ತೇನೆ. ಆಗಲೇ ಆ ಗಿಣ್ಣಿನ ಹದ. ಅದಕ್ಕೂ ಜಾಸ್ತಿ ಬಿಟ್ಟರೆ ನೀರು ಬಿಟ್ಟುಕೊಂಡು ಒಳಗೆ ತೂತುತೂತಾಗುತ್ತದೆ. ಹೊರಗೆ ತೆಗೆದ ಮೇಲೆ ಹತ್ತು ನಿಮಿಷ ಮುಟ್ಟಬೇಡಿ. ಬಿಸಿ ಒಳಕ್ಕೆ ಇಳಿಯುತ್ತಾ ಅಲ್ಲೇ ಗಟ್ಟಿಯಾಗುತ್ತದೆ. ನಮ್ಮನೆಯಲ್ಲಿ ಎಲ್ಲಕ್ಕಿಂತ ಕಷ್ಟದ ಹತ್ತು ನಿಮಿಷ ಅದೇ, ಮಗ ತಟ್ಟೆ ಹಿಡಿದು ನಿಂತಿರುತ್ತಾನೆ.

ಕರೆಂಟ್ ಎಷ್ಟು ಎಳೆಯುತ್ತದೆ ಅಂತ ಓರಗಿತ್ತಿ ಕೇಳಿದ್ದಳು. ನಮ್ಮದು 1500 ವ್ಯಾಟ್. ಅರ್ಧ ಗಂಟೆ ಪೂರ್ತಿ ಉರಿದರೂ ಮುಕ್ಕಾಲು ಯೂನಿಟ್. ಕಾದ ಮೇಲೆ ಕಾಯಿಲ್ ಆಗಾಗ ಆರುತ್ತದೆ, ಹಾಗಾಗಿ ಅದಕ್ಕಿಂತ ಕಡಿಮೆಯೇ. ಗೀಸರ್ ಜೊತೆಗೆ ಒಂದೇ ಹೊತ್ತಿಗೆ ಹಾಕುವುದಿಲ್ಲ. ಒಂದು ದಿನ ನಡುವೆ ಕರೆಂಟ್ ಹೋಯಿತು. ಬುಟ್ಟಿ ತೆಗೆಯದೆ ಐದು ನಿಮಿಷ ಕಾದೆ, ಬರಲಿಲ್ಲ. ದಪ್ಪ ತಳದ ಕಾವಲಿ ಮೇಲೆ ಟಿನ್ ಇಟ್ಟು, ಮೇಲೊಂದು ಪಾತ್ರೆ ಕವುಚಿ ಸಣ್ಣ ಉರಿಯಲ್ಲಿ ಹದಿನೈದು ನಿಮಿಷ ಬಿಟ್ಟೆ. ಮೇಲೆ ಗರಿ ಬರಲಿಲ್ಲ, ಒಳಗೆ ಚೆನ್ನಾಗಿಯೇ ಬೆಂದಿತ್ತು.

ಇನ್ನು ಅತ್ತೆಯ ಪಾಲು. ಅವರು ಮೊಟ್ಟೆ ತಿನ್ನುವುದಿಲ್ಲ. ನಾವೆಲ್ಲ ತಿನ್ನುವಾಗ ಅವರೊಬ್ಬರಿಗೆ ಉಪ್ಪಿಟ್ಟು ಕೊಡುವುದು ನನಗೆ ಸರಿ ಕಾಣಲಿಲ್ಲ. ಟಿನ್ ಬೇರೆ, ಸೌಟು ಬೇರೆ ಇಟ್ಟು ಅವರಿಗೆ ತೆಂಗಿನ ಹಾಲಿನಲ್ಲಿ ಮಾಡಿದೆ. ಒಂದು ಪಾಲಿಗೆ ಬ್ರೆಡ್ 70 ಗ್ರಾಂ, ದಪ್ಪ ತೆಂಗಿನ ಹಾಲು 150 ಮಿಲಿಲೀಟರ್, ಒಂದು ದೊಡ್ಡ ಚಮಚ ಕಸ್ಟರ್ಡ್ ಪುಡಿ, ಒಂದೂವರೆ ಚಮಚ ಬೆಲ್ಲ. ತೆಂಗಿನ ಹಾಲಿಗೆ ಬೆಲ್ಲದ ಭಯ ಇಲ್ಲ, ಪಾಯಸಕ್ಕೆ ಹಾಕುತ್ತೇವಲ್ಲ. ಸಣ್ಣ ಉರಿಯಲ್ಲಿ ಕಲಕುತ್ತಾ ಚಮಚಕ್ಕೆ ಅಂಟುವಷ್ಟು ಗಟ್ಟಿ ಮಾಡಿ, ಆರಿಸಿ, ಬ್ರೆಡ್ ಮೇಲೆ ಸುರಿದರೆ ಅರ್ಧ ಗಂಟೆ ನೆನೆದರೆ ಸಾಕು. ಕಸ್ಟರ್ಡ್ ಮೊದಲೇ ಬೆಂದಿರುವುದರಿಂದ ನಡುಭಾಗದ ಚಿಂತೆಯೂ ಇಲ್ಲ.

ಪಾತ್ರೆ ಮಾತ್ರ ಅವರೇ ಹುಡುಕಿಕೊಟ್ಟರು. "ತಟ್ಟೆ ಇಡ್ಲಿ ತಟ್ಟೇಲಿ ಇಡಮ್ಮಾ, ಬಟ್ಟಲು ಯಾಕೆ?" ಅಂದರು. ಕ್ಯಾತ್ಸಂದ್ರದ ತಟ್ಟೆ ಇಡ್ಲಿ ತಿಂದು ಬೆಳೆದ ಮನೆ ನಮ್ಮದು, ಆ ತಟ್ಟೆಗಳು ಅಟ್ಟದ ಮೇಲೆ ಇದ್ದೇ ಇದ್ದವು. ಅಗಲ ಆರು ಅಂಗುಲದ ಆಸುಪಾಸು, ಆಳ ಕಡಿಮೆ. ನಮ್ಮ ಬುಟ್ಟಿಗೆ ಅಳತೆ ಕೊಟ್ಟು ಮಾಡಿಸಿದ ಹಾಗೆ ಕೂತಿತು. ತಟ್ಟೆಯ ತಳದಲ್ಲಿ ಹಬೆಗೆಂದು ಸಣ್ಣ ತೂತುಗಳಿದ್ದವು. ಅದನ್ನು ನಾನು ಗಮನಿಸಲಿಲ್ಲ, ಹಾಲು ಸೋರಿ ಬುಟ್ಟಿಯಲ್ಲಿ ಸೀದಿತು. ಮರುದಿನ ಬಾಳೆಎಲೆಯನ್ನು ಒಲೆ ಮೇಲೆ ಬಾಡಿಸಿ, ತಟ್ಟೆಗೆ ಹಾಸಿ, ಅಂಚು ಮೀರಿದ್ದನ್ನು ಕತ್ತರಿಯಲ್ಲಿ ತೆಗೆದು ಮಾಡಿದೆ. 160 ಡಿಗ್ರಿಗೆ 10 ನಿಮಿಷ. ಆಳ ಇಲ್ಲದ್ದರಿಂದ ಫಾಯಿಲ್ ಕೂಡ ಬೇಕಾಗಲಿಲ್ಲ. ಎಲೆಯ ಪರಿಮಳ ಬ್ರೆಡ್ಡಿಗೆ ಹತ್ತಿತ್ತು. ಅದನ್ನು ನೋಡಿ ನನ್ನ ಮೊಟ್ಟೆಯ ಟಿನ್ನಿಗೂ ಈಗ ಎಲೆ ಹಾಸುತ್ತೇನೆ.

ಹಲಸಿನ ಕಾಲದಲ್ಲಿ ಇದಕ್ಕೆ ತೊಳೆ ಹಾಕಿ ಮಾಡಿದ್ದು ಮನೆಯವರಿಗೆ ತುಂಬ ಹಿಡಿಸಿತು. ಗುಬ್ಬಿ ಕಡೆಯ ಚೇಳೂರಿನ ಹಲಸು ನಮ್ಮಲ್ಲಿ ಹೆಸರುವಾಸಿ. ಅಲ್ಲಿನ ಒಂದು ತೋಟದ ಮರವನ್ನು ಹಿರೇಹಳ್ಳಿಯ ತೋಟಗಾರಿಕೆ ಕೇಂದ್ರದ ವಿಜ್ಞಾನಿಗಳು ಗುರುತಿಸಿದ್ದು, 'ಸಿದ್ದು' ಎಂಬ ತಳಿ. ತೊಳೆ ತಾಮ್ರದ ಹಾಗೆ ಕೆಂಪಗಿರುತ್ತದೆ, ಹಾಲಿನ ನಡುವೆ ಆ ಬಣ್ಣ ಎದ್ದು ಕಾಣುತ್ತದೆ. ಹಸಿ ತೊಳೆಯನ್ನು ನೇರವಾಗಿ ಹಾಕಿದರೆ ನೀರು ಬಿಟ್ಟು ಮತ್ತೆ ನಡುಭಾಗ ತೆಳ್ಳಗಾಗುತ್ತದೆ. ಸಣ್ಣಗೆ ಹೆಚ್ಚಿ, ಅರ್ಧ ಚಮಚ ತುಪ್ಪದಲ್ಲಿ ಮೂರು ನಿಮಿಷ ಬಾಡಿಸಿ, ಆರಿಸಿ, ಬ್ರೆಡ್ ತುಂಡುಗಳ ನಡುವೆ ಸೇರಿಸಿ. ಹಾಲು 30 ಮಿಲಿಲೀಟರ್ ಕಡಿಮೆ, ಸಕ್ಕರೆ ಒಂದು ಚಮಚ ಕಡಿಮೆ. ಬಾಳೆಹಣ್ಣಿಗೂ ಇದೇ ಲೆಕ್ಕ. ಮಾವಿಗೆ ಇನ್ನೂ ಹದ ಸಿಕ್ಕಿಲ್ಲ, ಹುಳಿ ಇರುವ ಹಣ್ಣಾದರೆ ಹಾಲು ಒಡೆದ ಹಾಗಾಗುತ್ತದೆ.

ಉಳಿದರೆ ಫ್ರಿಜ್ಜಿಗೆ. ಮರುದಿನ ತುಂಡು ಮಾಡಿ 150 ಡಿಗ್ರಿಗೆ 4 ನಿಮಿಷ ಇಟ್ಟರೆ ಮೇಲಿನ ಕೊಬ್ಬರಿ ಮತ್ತೆ ಗರಿಯಾಗುತ್ತದೆ. ನಮ್ಮ ಮನೆಯವರಿಗೆ ಬಿಸಿ ಮಾಡಿಕೊಡುವುದೂ ಬೇಡ. ಬಾಳೆಎಲೆಯಲ್ಲಿ ಸುತ್ತಿ ಡಬ್ಬಿಗೆ ಹಾಕಿಕೊಟ್ಟರೆ ರೈಲಿನಲ್ಲಿ ಕೂತು ತಣ್ಣಗಿನದನ್ನೇ ತಿನ್ನುತ್ತಾರೆ.