ಇಲಿಯ ಮೂಗಿಗೆ ಲಸಿಕೆ ಹನಿ ಹಾಕುವ ಮುಂಚೆ

ನಮ್ಮ ಪ್ರಯೋಗಾಲಯಕ್ಕೆ ಹೊಸದಾಗಿ ಸೇರಿದವರು ಮೊದಲು ಕೇಳುವುದು, "ಯಾವ ಅಡ್ಜುವೆಂಟ್ ಹಾಕೋಣ ಮೇಡಂ?" ಅಂತ. ಅಡ್ಜುವೆಂಟ್ ಅಂದರೆ ಲಸಿಕೆಯ ಪರಿಣಾಮ ಹೆಚ್ಚಿಸಲು ಅದರ ಜೊತೆ ಬೆರೆಸುವ ವಸ್ತು. ನಾನು ತಿರುಗಿ ಕೇಳುವುದು: ಹನಿ ಎಲ್ಲಿ ನಿಲ್ಲಬೇಕು? ಮೂಗಿನಲ್ಲೋ, ಶ್ವಾಸಕೋಶದಲ್ಲೋ?

ಸತ್ತ ವೈರಸ್ಸಿನ ಫ್ಲೂ ಲಸಿಕೆಯನ್ನು ಹಾಗೇ ಮೂಗಿಗೆ ಬಿಟ್ಟರೆ ಲೋಳೆಯ ಜೊತೆ ಬೇಗನೆ ಗಂಟಲಿಗೆ ಇಳಿದುಹೋಗುತ್ತದೆ. ಉಳಿದಿದ್ದನ್ನೂ ದೇಹ ಅಷ್ಟಾಗಿ ಲೆಕ್ಕಕ್ಕಿಡುವುದಿಲ್ಲ. ಹಾಗಾಗಿ ಅಡ್ಜುವೆಂಟಿಗೆ ಎರಡು ಕೆಲಸ: ಲಸಿಕೆಯನ್ನು ಹಿಡಿದು ನಿಲ್ಲಿಸುವುದು, ರೋಗನಿರೋಧಕ ಕೋಶಗಳನ್ನು ಎಬ್ಬಿಸುವುದು. ಬ್ಯಾಕ್ಟೀರಿಯಾದ ಡಿಎನ್‌ಎಯನ್ನು ಹೋಲುವ ಸಿಪಿಜಿ ಎಂಬ ಕೃತಕ ತುಣುಕು ಎಬ್ಬಿಸುತ್ತದೆ. ಸಿಗಡಿ, ಏಡಿ ಚಿಪ್ಪಿನಿಂದ ಬರುವ ಕೈಟೋಸಾನ್ ಮುಖ್ಯವಾಗಿ ಅಂಟಿ ನಿಲ್ಲಿಸುತ್ತದೆ. ಕಲಿಯುವವರಿಗೆ ಕೈಟೋಸಾನೇ ಒಳ್ಳೆಯದು.

ಶೇ. 1ರ ಅಸಿಟಿಕ್ ಆಮ್ಲ ತಿರುಗುತ್ತಿರುವಾಗಲೇ ಪುಡಿಯನ್ನು ಚಿಟಿಕೆ ಚಿಟಿಕೆಯಾಗಿ ಉದುರಿಸಿ. ಒಮ್ಮೆಲೇ ಸುರಿದರೆ ಅಂಬಲಿಗೆ ಹಾಕಿದ ರಾಗಿ ಹಿಟ್ಟಿನ ಹಾಗೆ ಗಂಟು ಕಟ್ಟುತ್ತದೆ. ರಾತ್ರಿಯಿಡೀ ತಿರುಗಲು ಬಿಡಿ. ಬೆಳಿಗ್ಗೆ ಸೋಡಿಯಂ ಹೈಡ್ರಾಕ್ಸೈಡನ್ನು ಹನಿಹನಿಯಾಗಿ ಹಾಕುತ್ತಾ ಪಿಎಚ್ ಅನ್ನು 6ರ ಹತ್ತಿರ ತನ್ನಿ. ಇಲ್ಲಿ ಆತುರ ಬೇಡ. 6.5 ದಾಟಿದರೆ ಕೈಟೋಸಾನ್ ಒಡೆದ ಹಾಲಿನಂತೆ ಬೇರೆಯಾಗುತ್ತದೆ. 5ರ ಕಡೆಗೆ ಇಳಿದರೆ ವೈರಸ್ಸಿನ ಮೇಲ್ಮೈಯ ಹಿಮಾಗ್ಲುಟಿನಿನ್ ಪ್ರೋಟೀನಿನ ಆಕಾರವೇ ಬದಲಾಗಿ, ಬೇಕಾದ ಪ್ರತಿಕಾಯ ಹುಟ್ಟುವುದಿಲ್ಲ. ಪಿಎಚ್ ನಿಂತ ಮೇಲಷ್ಟೇ ಲಸಿಕೆ ಬೆರೆಸಿ.

ಈಗ ಹನಿಯ ಮಾತು. ಪ್ರಾಣಿ ನೈತಿಕ ಸಮಿತಿಯ ಒಪ್ಪಿಗೆ ಕೈಯಲ್ಲಿರಲಿ. ಎಚ್ಚರವಿರುವ ಇಲಿಗೆ ಒಂದೊಂದು ಹೊಳ್ಳೆಗೆ 5 ಮೈಕ್ರೋಲೀಟರ್ ಸಾಕು. ಅರಿವಳಿಕೆ ಕೊಟ್ಟು 50 ಹಾಕಿದರೆ ಹೆಚ್ಚಿನ ಪಾಲು ಶ್ವಾಸಕೋಶಕ್ಕೆ ಹೋಗುತ್ತದೆ. ಮೊದಲ ವರ್ಷ ನಾನು ಹಾಗೇ ಮಾಡಿ, ರಕ್ತದಲ್ಲಿ ಪ್ರತಿಕಾಯ ಏರಿದ್ದು ನೋಡಿ ಕುಣಿದಿದ್ದೆ. ಆಮೇಲೆ ನೀಲಿ ಬಣ್ಣ ಬೆರೆಸಿ ಪರೀಕ್ಷಿಸಿದಾಗ ಎರಡೂ ಶ್ವಾಸಕೋಶ ನೀಲಿಯಾಗಿದ್ದವು. ಮೂಗಿನ ಲಸಿಕೆ ಅಂದುಕೊಂಡದ್ದು ಮೂಗಿನದಾಗಿರಲೇ ಇಲ್ಲ. ನಾಲ್ಕು ತಿಂಗಳ ಕೆಲಸ, ಅಷ್ಟೂ ಇಲಿಗಳ ಜೀವ. ಬಣ್ಣದ ಪರೀಕ್ಷೆಯನ್ನು ನೀವು ಮೊದಲ ದಿನವೇ ಮಾಡಿ.

ಗುಂಪುಗಳು: ಬರೀ ಲಸಿಕೆ, ಬರೀ ಅಡ್ಜುವೆಂಟ್, ಎರಡೂ ಸೇರಿದ್ದು, ಸಲೈನ್, ಚುಚ್ಚುಮದ್ದು. ಮೂರು ವಾರಕ್ಕೆ ಇನ್ನೊಂದು ಡೋಸ್, ಅದಾಗಿ ಎರಡು ವಾರಕ್ಕೆ ಮಾದರಿ. ಮೂಗು ತೊಳೆದ ನೀರು ನಸುಗೆಂಪಾಗಿದ್ದರೆ ಆ ಮಾದರಿ ಬಿಟ್ಟುಬಿಡಿ. ರಕ್ತದ ಪ್ರತಿಕಾಯ ಬೆರೆತು, ಮೂಗಿನ ಲೋಳೆಯಲ್ಲಿರುವ ಪ್ರತಿಕಾಯವಾದ ಐಜಿಎ ಲೆಕ್ಕ ಕೆಡುತ್ತದೆ.

ಸಂಖ್ಯೆ ಚೆನ್ನಾಗಿ ಬಂತೆಂದು ಅಲ್ಲಿಗೇ ನಿಲ್ಲಿಸಬೇಡಿ. 2000–01ರ ಚಳಿಗಾಲದಲ್ಲಿ ಸ್ವಿಟ್ಜರ್ಲೆಂಡಿನಲ್ಲಿ ಇ. ಕೋಲಿಯ ವಿಷಪ್ರೋಟೀನನ್ನು ಅಡ್ಜುವೆಂಟ್ ಮಾಡಿದ್ದ ಮೂಗಿನ ಫ್ಲೂ ಲಸಿಕೆ ಪಡೆದ ಕೆಲವರಿಗೆ ಮುಖದ ಒಂದು ಪಕ್ಕ ಸೋತುಹೋಯಿತು. ಲಸಿಕೆಯನ್ನು ಹಿಂತೆಗೆದುಕೊಂಡರು. ಆ ವಿಷ ನರಕೋಶದ ಮೇಲಿನ ಗ್ಯಾಂಗ್ಲಿಯೋಸೈಡ್ ಎಂಬ ಕೊಬ್ಬು-ಸಕ್ಕರೆಯ ಅಣುವಿಗೆ ಅಂಟುವಂಥದ್ದು. ಮೂಗಿನ ಮೇಲ್ಛಾವಣಿಯಿಂದ ಮಿದುಳಿಗೆ ದೂರವೂ ಇಲ್ಲ. ಅದಕ್ಕೇ ಪ್ರತಿ ಗುಂಪಿನ ಇಲಿಗಳ ಘ್ರಾಣಗಡ್ಡೆಯನ್ನು (ವಾಸನೆ ಗ್ರಹಿಸುವ ಮಿದುಳಿನ ಮುಂಭಾಗ) ಫಾರ್ಮಲಿನ್‌ನಲ್ಲಿ ಎತ್ತಿಡಿ, ಸೀಸೆಯ ಮೇಲೆ ಗುಂಪು, ತಾರೀಖು ಬರೆದು.